ಹಳೇ ಬೀಗ, ಹೊಸ ಕೈ

1994ರ ಸೆಪ್ಟೆಂಬರ್ 1, ಗುರುವಾರ. ಕಂಪ್ಯೂಟರಿನೊಳಗಿನ ಗಡಿಯಾರ ಆಗಸ್ಟ್ ತಿಂಗಳನ್ನು ದಾಟಿ ಸೆಪ್ಟೆಂಬರಿಗೆ ಕಾಲಿಟ್ಟ ಕೂಡಲೇ ಒಂದು ತಂತ್ರಾಂಶ ತನ್ನ ನಡೆ ಬದಲಿಸಿತು. ಹಿಂದಿನ ದಿನದವರೆಗೂ ಅದು ಕಟ್ಟಿಕೊಡುತ್ತಿದ್ದ ಗುಟ್ಟಿನ ಪತ್ರಗಳನ್ನು ಅದರದೇ ಹಳೆಯ ಆವೃತ್ತಿಗಳು ಸಲೀಸಾಗಿ ಬಿಚ್ಚಿ ಓದುತ್ತಿದ್ದವು. ಅಂದಿನಿಂದ ಓದಲಾಗದೆ ಹೋದವು. ಯಾವ ಯಂತ್ರವೂ ಕೆಟ್ಟಿರಲಿಲ್ಲ, ಯಾವ ವೈರಸ್ಸೂ ಹೊಕ್ಕಿರಲಿಲ್ಲ. ಇಂಥ ದಿನ ಹೀಗೇ ಆಗಬೇಕೆಂದು ಮೊದಲೇ ತೀರ್ಮಾನಿಸಿ, ಆ ದಿನಾಂಕವನ್ನು ತಂತ್ರಾಂಶದ ಹೊಟ್ಟೆಯೊಳಗೇ ಬರೆದಿಟ್ಟಿದ್ದರು.

ಆ ತಂತ್ರಾಂಶದ ಹೆಸರು ಪಿಜಿಪಿ. ಬಿಡಿಸಿ ಹೇಳಿದರೆ ಪ್ರೆಟಿ ಗುಡ್ ಪ್ರೈವಸಿ. ‘ಪರವಾಗಿಲ್ಲ ಎನ್ನುವಷ್ಟು ಗುಟ್ಟು’ ಎಂದು ಅರ್ಥ ಮಾಡಿಕೊಳ್ಳಬಹುದು. ಅಮೆರಿಕದ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಬರುತ್ತಿದ್ದ ಕಾಲ್ಪನಿಕ ಕಿರಾಣಿ ಅಂಗಡಿಯ ಹೆಸರನ್ನು ಅನುಕರಿಸಿ ಈ ಹೆಸರಿಟ್ಟವರು ಕೊಲರಾಡೊ ರಾಜ್ಯದ ಫಿಲ್ ಝಿಮ್ಮರ್‌ಮನ್. ಅಲ್ಲಿನ ಸಂಸತ್ತಿನ ಮುಂದೆ 1991ರಲ್ಲಿ ಒಂದು ಮಸೂದೆ ಬಂದಿತ್ತು. ಜನರ ಮಾತುಕತೆ, ಪತ್ರವ್ಯವಹಾರ ಸರ್ಕಾರಕ್ಕೆ ಬೇಕೆಂದಾಗ ಬಿಚ್ಚಿ ಓದಲು ಸಿಗುವಂತಿರಬೇಕು ಎಂಬ ಮಾತು ಅದರಲ್ಲಿತ್ತು. ಅದು ಕಾಯ್ದೆಯಾಗುವ ಮೊದಲೇ ಸಾಮಾನ್ಯರ ಕೈಗೆ ಒಂದು ಒಳ್ಳೆಯ ಬೀಗ ಕೊಟ್ಟುಬಿಡೋಣ ಎಂದು ಝಿಮ್ಮರ್‌ಮನ್ ಆ ವರ್ಷದ ಜೂನ್ ತಿಂಗಳಲ್ಲಿ ಪಿಜಿಪಿಯ ಮೊದಲ ಆವೃತ್ತಿಯನ್ನು ಪುಕ್ಕಟೆಯಾಗಿ ಹಂಚಿದರು.

ಬೀಗ ಎಂದರೆ ಎಂಥದು? ಪಿಜಿಪಿ ಬಳಸುವ ಪ್ರತಿಯೊಬ್ಬರಿಗೂ ಒಂದು ಜೋಡಿ ಇರುತ್ತದೆ. ಒಂದು ಬೀಗ, ಒಂದು ಬೀಗದ ಕೈ. ಎರಡೂ ಬಹಳ ದೊಡ್ಡ ಸಂಖ್ಯೆಗಳೇ. ಬೀಗವನ್ನು ಊರಿಗೆಲ್ಲ ಹಂಚಬಹುದು. ಯಾರು ಬೇಕಾದರೂ ತಮ್ಮ ಪತ್ರವನ್ನು ಪೆಟ್ಟಿಗೆಗೆ ಹಾಕಿ ಆ ಬೀಗ ಒತ್ತಿ ಕಳಿಸಬಹುದು. ತೆಗೆಯಲು ಮಾತ್ರ ಕೈ ಬೇಕು, ಅದು ಒಡೆಯನ ಹತ್ತಿರ ಮಾತ್ರ ಇರುತ್ತದೆ. ಸಹಿ ಹಾಕುವಾಗ ಕ್ರಮ ತಿರುವುಮುರುವು. ಕಡತವನ್ನೆಲ್ಲ ಲೆಕ್ಕದ ಒರಳಿನಲ್ಲಿ ರುಬ್ಬಿ ಅದರಿಂದ ಒಂದು ಪುಟ್ಟ ಸಂಖ್ಯೆ ತೆಗೆಯುತ್ತಾರೆ. ಕಡತದ ಹೆಬ್ಬೆಟ್ಟಿನ ಗುರುತು ಎನ್ನಿ. ಆ ಗುರುತನ್ನು ಒಡೆಯ ತನ್ನ ಕೈಯಿಂದ ಮುದ್ರೆ ಮಾಡುತ್ತಾನೆ. ಊರಲ್ಲಿರುವ ಬೀಗದಿಂದ ಯಾರಾದರೂ ಅದನ್ನು ತಾಳೆ ನೋಡಬಹುದು. ಕಡತದಲ್ಲಿ ಒಂದು ಕೊಂಬು, ಒಂದು ಸೊನ್ನೆ ಬದಲಾದರೂ ಹೆಬ್ಬೆಟ್ಟು ಬೇರೆಯೇ ಆಗಿ ಕಳ್ಳತನ ಬಯಲಾಗುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಕತೆ ಸುಲಭವಿತ್ತು. ಆದರೆ ಪತ್ರವನ್ನು ಯಾವ ಲೆಕ್ಕದಿಂದ ಕಲಸಿದ್ದಾರೆ, ಹೆಬ್ಬೆಟ್ಟನ್ನು ಯಾವ ಒರಳಿನಿಂದ ತೆಗೆದಿದ್ದಾರೆ ಎಂಬುದನ್ನು ತೆರೆಯುವವನಿಗೆ ತಿಳಿಸಬೇಕಲ್ಲ? ಅದಕ್ಕಾಗಿ ಪಿಜಿಪಿಯ ಪ್ರತಿ ಕಟ್ಟಿನ ಮೇಲೂ ಕೆಲವು ಅಂಕಿಗಳಿರುತ್ತವೆ. ಇದು ಎಷ್ಟನೇ ಆವೃತ್ತಿಯ ಕಟ್ಟು, ಇಂಥ ಲೆಕ್ಕ, ಇಂಥ ಒರಳು ಎಂದು ಅವು ಹೇಳುತ್ತವೆ. ಪರಿಚಯವಿಲ್ಲದ ಅಂಕಿ ಕಂಡರೆ ತಂತ್ರಾಂಶ ಕೈಚೆಲ್ಲುತ್ತದೆ. ಕೈಚೆಲ್ಲಬೇಕಾದದ್ದೇ ಸರಿ, ಬೀಗದ ವಿಷಯದಲ್ಲಿ ಊಹೆ ಮಾಡಿ ಮುಂದುವರಿಯುವ ತಂತ್ರಾಂಶದಷ್ಟು ಅಪಾಯಕಾರಿ ಇನ್ನೊಂದಿಲ್ಲ.

ಕನ್ನಡದವರಿಗೆ ಹೊಂದಾಣಿಕೆಯ ಗೋಳು ಹೊಸತೇನಲ್ಲ. ಯೂನಿಕೋಡ್‌ಗಿಂತ ಹಿಂದೆ ಶ್ರೀಲಿಪಿಯಲ್ಲೋ ನುಡಿಯಲ್ಲೋ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರವಿನ್ಯಾಸ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆದರೆ ಅಲ್ಲಿ ಒಂದು ಸಮಾಧಾನವಿದೆ. ಕಲಸುಮೇಲೋಗರದ ಹಿಂದೆ ಕನ್ನಡ ಕೂತೇ ಇರುತ್ತದೆ, ಪರಿವರ್ತಕ ತಂತ್ರಾಂಶ ಹಾಕಿದರೆ ಹೊರಬರುತ್ತದೆ. ಬೀಗ ಹಾಕಿದ ಕಡತದಲ್ಲಿ ಆ ಸೌಲಭ್ಯವಿಲ್ಲ. ಅರ್ಧಂಬರ್ಧ ಓದಲು ಸಿಕ್ಕರೆ ಅದು ಬೀಗವೇ ಅಲ್ಲ. ತೆರೆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಆದ್ದರಿಂದಲೇ ಇಲ್ಲಿ ಆವೃತ್ತಿಗಳ ಜಗಳ ಬೇರೆ ತಂತ್ರಾಂಶಗಳಿಗಿಂತ ದುಬಾರಿ.

ಮೊದಲ ಜಗಳ ಬೇಗನೇ ಬಂತು. ಮೊದಲ ಆವೃತ್ತಿಯಲ್ಲಿ ಪತ್ರವನ್ನು ಕಲಸುವ ಲೆಕ್ಕವನ್ನು ಝಿಮ್ಮರ್‌ಮನ್ ತಾವೇ ಹೊಸೆದಿದ್ದರು. ಬ್ಯಾಸ್-ಒ-ಮ್ಯಾಟಿಕ್ ಎಂದು ತಮಾಷೆಯ ಹೆಸರನ್ನೂ ಇಟ್ಟಿದ್ದರು. ಅದೇ ವರ್ಷ ಗುಪ್ತಲಿಪಿ ತಜ್ಞರ ಸಮ್ಮೇಳನವೊಂದರಲ್ಲಿ ಇಸ್ರೇಲಿನ ಎಲಿ ಬಿಹಾಮ್ ಅದರ ಹುಳುಕುಗಳನ್ನು ಊಟದ ಮೇಜಿನಲ್ಲೇ ತೋರಿಸಿಕೊಟ್ಟರು. ಝಿಮ್ಮರ್‌ಮನ್ ಹಟ ಹಿಡಿಯಲಿಲ್ಲ. 1992ರ ಸೆಪ್ಟೆಂಬರಿನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಸ್ವಂತದ್ದನ್ನು ಕಿತ್ತೆಸೆದು, ಸ್ವಿಟ್ಸರ್ಲೆಂಡಿನಲ್ಲಿ ರೂಪುಗೊಂಡ ಐಡಿಯಾ ಎಂಬ ಗಟ್ಟಿ ಲೆಕ್ಕವನ್ನು ಕೂರಿಸಿದರು. ಪರಿಣಾಮ, ಮೊದಲನೆಯದರ ಕೀಲಿ ಎರಡನೆಯದರಲ್ಲಿ ನಡೆಯಲಿಲ್ಲ. ಎಲ್ಲರೂ ಹೊಸ ಜೋಡಿ ಮಾಡಿಕೊಳ್ಳಬೇಕಾಯಿತು. ಬಳಸುವವರು ಕಡಿಮೆಯಿದ್ದ ಕಾಲ, ಯಾರೂ ಹೆಚ್ಚು ಗೊಣಗಲಿಲ್ಲ.

1994ರ ಸೆಪ್ಟೆಂಬರಿನದು ಹಾಗಲ್ಲ. ಅಲ್ಲಿ ಲೆಕ್ಕದಲ್ಲಿ ಯಾವ ಹುಳುಕೂ ಇರಲಿಲ್ಲ, ಇದ್ದದ್ದು ಹಕ್ಕಿನ ತಕರಾರು.

ಬೀಗ ಮತ್ತು ಕೈಯ ಜೋಡಿಗೆ ಪಿಜಿಪಿ ಬಳಸುತ್ತಿದ್ದುದು ಆರ್‌ಎಸ್‌ಎ ಎಂಬ ವಿಧಾನವನ್ನು. ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರೂ ಸೇರಿ 1977ರಲ್ಲಿ ಕಂಡುಕೊಂಡದ್ದು ಅದು. 1983ರ ಸೆಪ್ಟೆಂಬರ್ 20ರಂದು ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಝಿಮ್ಮರ್‌ಮನ್ ಪರವಾನಗಿ ಪಡೆದಿರಲಿಲ್ಲ. ಹೀಗಾಗಿ ಪಿಜಿಪಿ ಬಳಸುವ ಅಮೆರಿಕನ್ನರ ತಲೆಯ ಮೇಲೆ ಮೊಕದ್ದಮೆಯ ಕತ್ತಿ ತೂಗುತ್ತಿತ್ತು. ಕೊನೆಗೆ ಎಂಐಟಿ ನಡುವೆ ಬಂತು. ಪೇಟೆಂಟ್ ನೋಡಿಕೊಳ್ಳುತ್ತಿದ್ದ ಕಂಪನಿಯೇ ವ್ಯಾಪಾರೇತರ ಬಳಕೆಗೆಂದು ಬಿಟ್ಟಿದ್ದ ಆರ್‌ಎಸ್‌ಎ ಭಾಗವನ್ನು ಜೋಡಿಸಿ 1994ರ ಮೇ ತಿಂಗಳಲ್ಲಿ 2.5, ಅದರ ಬೆನ್ನಿಗೇ 2.6 ಎಂಬ ಆವೃತ್ತಿಗಳು ಹೊರಬಂದವು. ಇವು ಕಾನೂನಿಗೆ ಒಪ್ಪಿತವಾದ ಪಿಜಿಪಿ.

ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. ಪರವಾನಗಿ ಇಲ್ಲದ 2.3 ಮತ್ತು ಅದಕ್ಕೂ ಹಿಂದಿನವನ್ನು ಜನ ಬಿಟ್ಟುಬಿಡುವಂತೆ ಮಾಡಬೇಕು. ಹೇಗೆ? ಮನೆಮನೆಗೆ ಹೋಗಿ ಅಳಿಸಲು ಸಾಧ್ಯವಿಲ್ಲ. ಹಾಗಾಗಿ ಸೆಪ್ಟೆಂಬರ್ 1ರಿಂದ 2.6 ಕಟ್ಟುವ ಪತ್ರಗಳ ಮೇಲಿನ ಆವೃತ್ತಿ ಅಂಕಿ 2ರ ಬದಲು 3 ಎಂದಾಗುವಂತೆ ಮಾಡಿದರು. ಹಳೆಯ ತಂತ್ರಾಂಶ 3ನ್ನು ಕಂಡದ್ದೇ ಇಲ್ಲ, ಕೈಚೆಲ್ಲುತ್ತದೆ. 2.6 ಮಾತ್ರ ಹಳೆಯದನ್ನೂ ಹೊಸದನ್ನೂ ಓದುತ್ತದೆ. ಒಳಗಿನ ವಸ್ತುವಿನಲ್ಲಿ ಏನು ವ್ಯತ್ಯಾಸ? ಏನೂ ಇಲ್ಲ. ಮುಂದೆ 1998ರಲ್ಲಿ ಈ ಕಟ್ಟುಗಳ ನಿಯಮಗಳನ್ನು ಅಧಿಕೃತವಾಗಿ ಬರೆದಿಟ್ಟಾಗ, ಎರಡು ಮತ್ತು ಮೂರರ ರಚನೆ ಒಂದೇ ಎಂದು ಅದರಲ್ಲೇ ದಾಖಲಿಸಿದರು. ಬಾಗಿಲು ಅದೇ, ಚಿಲಕ ಅದೇ, ಮನೆಯ ನಂಬರು ಮಾತ್ರ ಬದಲು.

ಅಮೆರಿಕದೊಳಗಿದ್ದವರು ಹೊಸದನ್ನು ಇಳಿಸಿಕೊಂಡು ಸುಮ್ಮನಾಗಬಹುದಿತ್ತು. ಹೊರಗಿದ್ದವರದು ಅತ್ತ ದರಿ, ಇತ್ತ ಪುಲಿ. ಆ ಪೇಟೆಂಟ್ ಅಮೆರಿಕದ ಗಡಿಯೊಳಗೆ ಮಾತ್ರ ಊರ್ಜಿತ, ಆದ್ದರಿಂದ ಯೂರೋಪಿನವರಿಗೆ 2.3 ಬಳಸಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅಮೆರಿಕದಿಂದ ಬರುವ ಪತ್ರಗಳು ಈಗ 2.3ರಲ್ಲಿ ತೆರೆಯುವುದಿಲ್ಲ. 2.6 ತರಿಸಿಕೊಳ್ಳೋಣವೆಂದರೆ ಅದಕ್ಕೂ ಕಾನೂನಿಲ್ಲ. ಗಟ್ಟಿ ಗುಪ್ತಲಿಪಿಯ ತಂತ್ರಾಂಶ ಆಗ ಅಮೆರಿಕದ ಲೆಕ್ಕದಲ್ಲಿ ಯುದ್ಧಸಾಮಗ್ರಿ, ಬಂದೂಕು ಫಿರಂಗಿಗಳ ಸಾಲಿನದು. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಅಪರಾಧ. ಪಿಜಿಪಿ ಗಡಿ ದಾಟಿದ್ದಕ್ಕಾಗಿ ಝಿಮ್ಮರ್‌ಮನ್ ಮೇಲೆ 1993ರಲ್ಲೇ ತನಿಖೆ ಶುರುವಾಗಿತ್ತು. ಮೂರು ವರ್ಷ ಎಳೆದು 1996ರ ಜನವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ಅದನ್ನು ಕೈಬಿಟ್ಟರು.

ಪುಕ್ಕಟೆ ತಂತ್ರಾಂಶದ ಒಂದು ಅಂಕಿ ಬದಲಾದರೆ ಯಾರ ಗಂಟು ಹೋಯಿತು ಎನ್ನಬಹುದು. ಪಿಜಿಪಿಯನ್ನು ನೆಚ್ಚಿಕೊಂಡಿದ್ದವರಲ್ಲಿ ಸರ್ವಾಧಿಕಾರದ ದೇಶಗಳ ಮಾನವ ಹಕ್ಕು ಕಾರ್ಯಕರ್ತರಿದ್ದರು. ಬರ್ಮಾದ ಸೈನಿಕ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದವರು ಕಾಡಿನ ಶಿಬಿರಗಳಲ್ಲಿ ಅದನ್ನು ಕಲಿಯುತ್ತಿದ್ದರೆಂದು ಝಿಮ್ಮರ್‌ಮನ್ 1996ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದಾರೆ. ಅಂಥವರಿಗೆ ಬಂದ ಪತ್ರ ತೆರೆಯದೆ ಹೋದರೆ ಉಳಿಯುವುದು ಎರಡೇ ದಾರಿ. ಸುಮ್ಮನಿರಬೇಕು, ಇಲ್ಲವೇ ‘ಬೀಗ ಹಾಕದೆ ಇನ್ನೊಮ್ಮೆ ಕಳಿಸಿ’ ಎನ್ನಬೇಕು. ಆವೃತ್ತಿಗಳ ಜಗಳದಲ್ಲಿ ನಿಜವಾಗಿ ಅಪಾಯಕಾರಿಯಾದದ್ದು ಈ ಎರಡನೆಯ ದಾರಿ. ಬೀಗ ಒಡೆಯುವ ಶ್ರಮವೇ ಶತ್ರುವಿಗೆ ಬೇಡ, ಬೇಸತ್ತ ಗೆಳೆಯರೇ ಬಾಗಿಲು ತೆರೆದಿಟ್ಟಿರುತ್ತಾರೆ.

ಗಣಿತ ಬಲ್ಲ ಹುಡುಗರಿಗೆ ಮನೆಯ ನಂಬರು ಬದಲಿಸಿದ್ದು ಎಷ್ಟರ ಮಾತು? ಯೂರೋಪಿನಲ್ಲಿ ಬಲುಬೇಗ ಮರುರೂಪಗಳು ಹುಟ್ಟಿಕೊಂಡವು. 2.6 ಯುಐ ಎಂಬುದೊಂದು, ಹಳೆಯ 2.3ಕ್ಕೇ 3ನ್ನು ಓದಲು ಕಲಿಸಿದ್ದು. ನಾರ್ವೆಯಲ್ಲಿ ಸಿದ್ಧವಾದ 2.6.3 ಐ ಎಂಬುದು ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ಹರಡಿದ್ದು. ಅದರ ಸಂಯೋಜನಾ ಕಡತದಲ್ಲಿ ಒಂದು ಗುಂಡಿ ಇತ್ತು. ಅದನ್ನು ಒಂದು ಕಡೆಗೆ ತಿರುಗಿಸಿದರೆ ಪತ್ರದ ಮೇಲೆ 3, ಇನ್ನೊಂದು ಕಡೆಗೆ ತಿರುಗಿಸಿದರೆ 2. ಆ ಗುಂಡಿಯ ಹೆಸರು ‘ಲೀಗಲ್ ಕ್ಲಜ್’. ಕನ್ನಡದಲ್ಲಿ ‘ಕಾನೂನಿನ ತೇಪೆ’ ಎನ್ನಬಹುದು. ಮಾಡಿದವರು ಸಿಟ್ಟನ್ನೆಲ್ಲ ಆ ಒಂದು ಹೆಸರಿನಲ್ಲಿ ತೀರಿಸಿಕೊಂಡಂತಿದೆ.

ಅದು ಹೇಗೋ ತೇಪೆಯಿಂದ ಸರಿಹೋಯಿತು. 1997ರದು ತೇಪೆಗೆ ಬಗ್ಗುವಂಥದ್ದಲ್ಲ. ಆ ವರ್ಷ ಬಂದ ಪಿಜಿಪಿ 5.0 ಆರ್‌ಎಸ್‌ಎಯಿಂದ ದೂರ ಸರಿದು ಬೇರೆ ಗಣಿತದ ಕೀಲಿಗಳನ್ನು ತಂದಿತು, ಪತ್ರ ಕಲಸುವ ಲೆಕ್ಕವನ್ನೂ ಬೇರೆ ತಂದಿತು. ಕಾರಣ ಮತ್ತೆ ಪೇಟೆಂಟೇ. ಡಿಫಿ ಮತ್ತು ಹೆಲ್‌ಮನ್ ಅವರ ಹಕ್ಕಿನ ಅವಧಿ ಆ ವರ್ಷ ಮುಗಿಯುತ್ತಿತ್ತು, ಆರ್‌ಎಸ್‌ಎಯದು ಇನ್ನೂ ಮೂರು ವರ್ಷ ಉಳಿದಿತ್ತು. ಹೊಸ ಜೋಡಿಯವರು ಬರೆದದ್ದನ್ನು 2.6ರವರು ಓದುವಂತಿಲ್ಲ. ಇಲ್ಲಿ ಬದಲಾದದ್ದು ಚಿಲಕವೇ, ಮನೆಯ ನಂಬರಲ್ಲ. ಎಷ್ಟೋ ಜನ ಹಳೆಯ 2.6ನ್ನು ವರ್ಷಗಟ್ಟಲೆ ಬಿಡದೆ ಅಪ್ಪಿಕೊಂಡರು. (ಈ 5.0ನ್ನು ಅಮೆರಿಕದಿಂದ ಸಾಗಿಸಿದ ಬಗೆಯೂ ಸ್ವಾರಸ್ಯಕರ. ಕಂಪ್ಯೂಟರ್ ಕಡತವನ್ನು ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ, ಆದರೆ ಮುದ್ರಿತ ಪುಸ್ತಕಕ್ಕೆ ತಡೆಯಿಲ್ಲ. ಆದ್ದರಿಂದ ತಂತ್ರಾಂಶದ ಪೂರ್ತಿ ಪಠ್ಯವನ್ನು ಆರು ಸಾವಿರಕ್ಕೂ ಹೆಚ್ಚು ಪುಟಗಳ ಪುಸ್ತಕಗಳಾಗಿ ಅಚ್ಚು ಹಾಕಿ, ಯೂರೋಪಿಗೆ ಕಳಿಸಿ, ಅಲ್ಲಿ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶವಾಗಿಸಿದರು.)

ಜರ್ಮನಿಯ ವರ್ನರ್ ಕಾಖ್ 1999ರ ಸೆಪ್ಟೆಂಬರಿನಲ್ಲಿ ಜಿಎನ್‌ಯು ಪ್ರೈವಸಿ ಗಾರ್ಡ್ ಎಂಬ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಚಿಕ್ಕದಾಗಿ ಜಿಪಿಜಿ. ಇಂದು ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳಿಗೆ ಪರಿಚಯವಾಗುವುದು ಇದೇ. ಪೇಟೆಂಟ್ ಇರುವ ಯಾವುದನ್ನೂ ಮುಟ್ಟುವುದಿಲ್ಲ ಎಂಬುದು ಅವರ ವ್ರತ. ಹಾಗಾಗಿ ಅದರಲ್ಲಿ ಆರ್‌ಎಸ್‌ಎಯೂ ಇರಲಿಲ್ಲ, ಐಡಿಯಾವೂ ಇರಲಿಲ್ಲ. 2.6 ನಿಂತದ್ದೇ ಆ ಎರಡು ಕಾಲುಗಳ ಮೇಲೆ. 2000ದ ಸೆಪ್ಟೆಂಬರಿನಲ್ಲಿ ಆರ್‌ಎಸ್‌ಎ ಪೇಟೆಂಟ್ ತೀರಿದ ಕೂಡಲೇ ಅದು ಜಿಪಿಜಿಯೊಳಗೆ ಬಂತು. ಐಡಿಯಾದ ಹಕ್ಕು ತೀರಲು 2012ರ ತನಕ ಕಾಯಬೇಕಾಯಿತು. ಅಷ್ಟು ಕಾಲ ಹಳೆಯ ಪತ್ರ ತೆರೆಯಬೇಕೆಂದವರು ಹೊರಗಿನಿಂದ ಒಂದು ತುಣುಕನ್ನು ತಂದು ಅಂಟಿಸಿಕೊಳ್ಳುತ್ತಿದ್ದರು. ಮೂರು ವರ್ಷ ಕಳೆಯುವುದರೊಳಗೆ, 2014ರ ನವೆಂಬರಿನಲ್ಲಿ ಬಂದ ಜಿಪಿಜಿ 2.1, ಪಿಜಿಪಿ 2ರ ಕಾಲದ ಕೀಲಿಗಳನ್ನೇ ಪೂರ್ತಿ ಕೈಬಿಟ್ಟಿತು. ಹಳೆಯ ಗಂಟು ಬಿಚ್ಚಬೇಕಾದವರು 1.4 ಎಂಬ ಹಳೆಯ ಆವೃತ್ತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ ಎಂದು ಅದನ್ನು ಮಾಡಿದವರೇ ಹೇಳಿದರು. ಅಜ್ಜನ ಪೆಟ್ಟಿಗೆಗಾಗಿ ಅಜ್ಜನ ಕಾಲದ ಕೈಯನ್ನೂ ಮೊಳೆಗೆ ತೂಗುಹಾಕಿ ಇಟ್ಟುಕೊಂಡಂತೆ.

ಈ ಸಲ ಕೈಬಿಡಲು ಕಾರಣ ಪೇಟೆಂಟ್ ಅಲ್ಲ. ಹೆಬ್ಬೆಟ್ಟು ತೆಗೆಯುವ ಒರಳು ಸವೆದಿತ್ತು. ಹಳೆಯ ಪಿಜಿಪಿ ಬಳಸುತ್ತಿದ್ದ ಎಂಡಿ5 ಎಂಬ ಒರಳಿನಲ್ಲಿ ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಹೆಬ್ಬೆಟ್ಟು ಬರುವಂತೆ ಮಾಡಬಹುದೆಂದು ಚೀನಾದ ಗಣಿತಜ್ಞೆ ವಾಂಗ್ ಶಿಯಾಯುನ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದ್ದರು. ಅದರ ಬದಲು ಬಂದ ಶಾ-1 ಎಂಬುದರ ಹಣೆಬರಹವೂ 2017ರಲ್ಲಿ ಅದೇ ಆಯಿತು. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರ ಮತ್ತು ಗೂಗಲ್ ಸೇರಿ ಒಂದೇ ಹೆಬ್ಬೆಟ್ಟಿನ ಎರಡು ಪಿಡಿಎಫ್ ಕಡತಗಳನ್ನು ಜಗತ್ತಿನ ಮುಂದಿಟ್ಟವು. ಒಂದಕ್ಕೆ ಹಾಕಿಸಿಕೊಂಡ ಸಹಿಯನ್ನು ಇನ್ನೊಂದಕ್ಕೆ ಅಂಟಿಸಲು ಇಷ್ಟು ಸಾಕು.

ಇಲ್ಲಿ ಎರಡು ಒಳ್ಳೆಯ ಗುಣಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸವೆದ ಒರಳಿನ ಸಹಿಯನ್ನು ಒಪ್ಪಿದರೆ ಕಳ್ಳಸಹಿಗೆ ಬಾಗಿಲು ತೆರೆದಂತೆ. ಒಪ್ಪದಿದ್ದರೆ ವರ್ಷಗಟ್ಟಲೆ ಪ್ರಾಮಾಣಿಕರು ಹಾಕಿದ ಸಹಿಗಳೆಲ್ಲ ಒಂದೇ ಏಟಿಗೆ ರದ್ದು. ಜಿಪಿಜಿಯವರು 2019ರಲ್ಲಿ ನಡುವಿನ ದಾರಿ ಹಿಡಿದರು. ಒಬ್ಬರ ಕೀಲಿಗೆ ಇನ್ನೊಬ್ಬರು ಹಾಕುವ ಸಾಕ್ಷಿಸಹಿ ಶಾ-1ರದಾಗಿದ್ದು, 2019ರ ಜನವರಿ 19ರ ನಂತರದ್ದಾಗಿದ್ದರೆ ಲೆಕ್ಕಕ್ಕೆ ಇಲ್ಲ. ಅದಕ್ಕೂ ಹಿಂದಿನದಾದರೆ ಸದ್ಯಕ್ಕೆ ಇರಲಿ. ತಂತ್ರಾಂಶದ ಹೊಟ್ಟೆಯೊಳಗೆ ಮತ್ತೊಂದು ದಿನಾಂಕ. ಆದರೆ 1994ರ ದಿನಾಂಕ ಒಂದು ಕಂಪನಿಯ ಹಕ್ಕನ್ನು ಕಾಯಲು ಇಟ್ಟದ್ದು, 2019ರದು ಬಳಸುವವರನ್ನು ಕಾಯಲು ಇಟ್ಟದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಸಹಿ ತಾಳೆ ನೋಡುವ ತಂತ್ರಾಂಶ ಮೂರು ಬಗೆಯ ಉತ್ತರ ಕೊಡಬಹುದು. ಸಹಿ ಸರಿಯಿದೆ. ಸಹಿ ತಪ್ಪಾಗಿದೆ. ಸಹಿ ನೋಡಲು ನನ್ನಿಂದಾಗದು. ಬೀಗ ನನ್ನ ಹತ್ತಿರವಿಲ್ಲ, ಅಥವಾ ಈ ಆವೃತ್ತಿ ನನಗೆ ಗೊತ್ತಿಲ್ಲ ಎಂಬುದು ಮೂರನೆಯದರ ಅರ್ಥ. ಆತುರದವರು ಮೂರನೆಯ ಉತ್ತರವನ್ನು ಮೊದಲನೆಯದರ ಜೊತೆ ಸೇರಿಸಿಬಿಡುತ್ತಾರೆ, ಅಂಜುಬುರುಕರು ಎರಡನೆಯದರ ಜೊತೆ.

ಇದು ಕಂಪ್ಯೂಟರ್ ಓದುವ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಳಿಸಿಕೊಂಡ ಇ-ಆಧಾರ್ ಪಿಡಿಎಫ್‌ನ ಮೂಲೆಯಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ ‘ವ್ಯಾಲಿಡಿಟಿ ಅನ್‌ನೋನ್’ ಎಂದು ಬರೆದಿರುವುದನ್ನು ಕಂಡು ಗಾಬರಿಯಾದ ತಂದೆತಾಯಿ ಎಷ್ಟೋ ಮಂದಿ. ಇದು ಪಿಜಿಪಿಯ ಸಂತತಿಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಸರ್ಕಾರ ಒಪ್ಪಿದ ಸಂಸ್ಥೆಗಳು ಕೊಡುವ ಸಹಿ ಇದು, ಒಡೆಯನ ಗುರುತಿಗೆ ಮೇಲಿನವರು, ಅವರ ಗುರುತಿಗೆ ಅವರ ಮೇಲಿನವರು ಸಾಕ್ಷಿ ಹೇಳುವ ಕ್ರಮ. ಆದರೆ ತೊಡಕು ಅದೇ ಜಾತಿಯದು. ಪ್ರಶ್ನಾರ್ಥಕ ಚಿಹ್ನೆಯೆಂದರೆ ಮೂರನೆಯ ಉತ್ತರ. ಸಹಿ ಮಾಡಿದವರಿಗೆ ಸಾಕ್ಷಿ ನಿಂತ ಮೇಲಿನವರು ಆ ಪಿಡಿಎಫ್ ತಂತ್ರಾಂಶಕ್ಕೆ ಪರಿಚಯವಿಲ್ಲ ಅಷ್ಟೆ. ಸಹಿಯ ಮೇಲೆ ಬಲಗುಂಡಿ ಒತ್ತಿ, ಪ್ರಮಾಣಪತ್ರ ನಿಜಕ್ಕೂ ಆ ಇಲಾಖೆಯದೇ ಎಂದು ನೋಡಿಕೊಂಡು, ನಂಬುವವರ ಪಟ್ಟಿಗೆ ಸೇರಿಸಿ ಮತ್ತೆ ತಾಳೆ ನೋಡಿಸಿದರೆ ಹಸಿರು ಗುರುತು ಬರುತ್ತದೆ. ನೋಡಿಕೊಳ್ಳದೆ ಸೇರಿಸಿದರೆ ಕಳ್ಳನನ್ನೂ ನಂಬಿದಂತಾದೀತು. ಕೆಂಪು ಗುರುತು ಬಂದರೆ ಮಾತು ಬೇರೆ, ಸಹಿಯಾದ ಮೇಲೆ ಕಡತ ಬದಲಾಗಿರಬಹುದು.

ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗಳಿಗೆ ಮೂಲ ಪ್ರತಿಯ ಮಾನ್ಯತೆ ಇದೆ. ಈಗ ಹತ್ತನೇ ತರಗತಿ ಮುಗಿಸಿ ಅಲ್ಲಿಂದ ಸಹಿಯುಳ್ಳ ಅಂಕಪಟ್ಟಿ ಇಳಿಸಿಕೊಂಡ ಹುಡುಗಿಗೆ ಅದು ಕೆಲಸದ ಕೊನೆಯ ದಿನದವರೆಗೂ, ಅಂದರೆ ಸುಮಾರು ನಲವತ್ತು ವರ್ಷ, ಬೇಕಾಗಬಹುದು. ಪಿಜಿಪಿಯ ಕೀಲಿಗೆ ಇಪ್ಪತ್ತು ವರ್ಷವಾಗುವಷ್ಟರಲ್ಲಿ ಏನೇನಾಯಿತೆಂದು ಮೇಲೆ ನೋಡಿಯಾಯಿತು. ಸಹಿ ಇರುವುದು ಕಡತದಲ್ಲಿ, ಅದನ್ನು ಮುದ್ರಿಸಿ ಲ್ಯಾಮಿನೇಟ್ ಮಾಡಿಸಿದ ಕಾಗದದಲ್ಲಿ ಉಳಿಯುವುದು ಸಹಿಯ ಚಿತ್ರ ಮಾತ್ರ. ಆದ್ದರಿಂದ ಮೂಲ ಕಡತವನ್ನು ತಿದ್ದದೆ, ಬೇರೆ ರೂಪಕ್ಕೆ ಬದಲಿಸದೆ ಎರಡು ಮೂರು ಕಡೆ ಇಟ್ಟುಕೊಳ್ಳುವುದು, ಮಂಡಳಿ ಕೊಟ್ಟ ಕಾಗದದ ಅಂಕಪಟ್ಟಿಯನ್ನೂ ಎಸೆಯದಿರುವುದು ಲೇಸು. ಕೊಟ್ಟ ಸಂಸ್ಥೆಯಿಂದ ಕೆಲವು ವರ್ಷಗಳಿಗೊಮ್ಮೆ ಹೊಸ ಸಹಿಯ ಪ್ರತಿ ಸಿಗುವುದಾದರೆ ಪಡೆದುಕೊಳ್ಳುವುದು ಇನ್ನೂ ಲೇಸು.

ಪಿಜಿಪಿ ವಂಶದ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಕಟ್ಟುಗಳ ನಿಯಮಗಳನ್ನು ಹೊಸದಾಗಿ ಬರೆಯುವ ಕೆಲಸದಲ್ಲಿ ಭಿನ್ನಾಭಿಪ್ರಾಯ ಬಂದು, 2023ರ ಕೊನೆಗೆ ಜಿಪಿಜಿಯವರು ಲಿಬ್ರೆಪಿಜಿಪಿ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿದರು. ಉಳಿದವರು 2024ರ ಜುಲೈನಲ್ಲಿ ತಮ್ಮ ನಿಯಮಾವಳಿಯನ್ನು ಪ್ರಕಟಿಸಿದರು. ಮೊದಲಿನವರ ಹೊಸ ಕೀಲಿಯ ಮೇಲೆ 5 ಎಂಬ ಅಂಕಿ, ಎರಡನೆಯವರದರ ಮೇಲೆ 6. ಒಬ್ಬರ ಹೊಸ ಕೀಲಿ ಇನ್ನೊಬ್ಬರ ನಿಯಮದಲ್ಲಿ ಇಲ್ಲ. ಆದರೆ ತೊಂಬತ್ತರ ದಶಕದ ಕೊನೆಯಿಂದ ನಡೆದು ಬಂದಿರುವ 4ನೇ ಆವೃತ್ತಿಯ ಕೀಲಿಯನ್ನು ಇಬ್ಬರೂ ಬಿಟ್ಟಿಲ್ಲ. ಇವತ್ತು ಮೊದಲ ಬಾರಿ ಜೋಡಿ ಮಾಡಿಕೊಳ್ಳಲು ಕುಳಿತ ವಿದ್ಯಾರ್ಥಿ 4ನ್ನೇ ಆರಿಸಿಕೊಂಡರೆ ಎರಡೂ ಮನೆಯವರ ಜೊತೆ ಪತ್ರ ವ್ಯವಹಾರ ನಡೆಸಬಹುದು.